ಹಳೆಯ ಡೀಸೆಲ್ ಜೀಪಿಗೆ ಟರ್ಬೊ: ಬಳ್ಳಾರಿಯ ಬಿಸಿಲಿನಲ್ಲಿ ಗಾಳಿಯ ಲೆಕ್ಕ

ನಮಸ್ಕಾರ. ಈ ವಿಡಿಯೊದಲ್ಲಿ ನೀವು ನೋಡಲಿರುವುದು ಡಿಐ ಎಂಜಿನ್ನಿನ ಒಂದು ಹಳೆಯ ಮಹೀಂದ್ರಾ ಜೀಪು. ಫೋರ್ ವೀಲ್ ಡ್ರೈವ್ ಇರುವ, ಟರ್ಬೊ ಇಲ್ಲದೆಯೇ ಕಾರ್ಖಾನೆಯಿಂದ ಹೊರಬಂದ ಈ ಗಾಡಿಗೆ ಬಳ್ಳಾರಿಯ ಒಂದು ಸಣ್ಣ ಗ್ಯಾರೇಜಿನಲ್ಲಿ ಟರ್ಬೊಚಾರ್ಜರ್ ಕೂರಿಸಿದ ಕೆಲಸವನ್ನು ಮೊದಲಿನಿಂದ ಕೊನೆಯವರೆಗೆ ಚಿತ್ರೀಕರಿಸಿದ್ದೇನೆ. ಆದರೆ ಟರ್ಬೊ ಕೂರಿಸುವ ದೃಶ್ಯ ಇದರಲ್ಲಿ ಬಹಳ ಚಿಕ್ಕದು. ಹೆಚ್ಚಿನ ಹೊತ್ತು ನಿಮ್ಮ ಕಣ್ಣಿಗೆ ಬೀಳುವುದು ಆಯಿಲ್ ಪೈಪು, ಏರ್ ಫಿಲ್ಟರ್, ರೇಡಿಯೇಟರ್ ಮತ್ತು ಹೊಗೆಯ ಬಿಸಿಯನ್ನು ತೋರಿಸುವ ಒಂದು ಮೀಟರು. ನಮ್ಮ ಸೀಮೆಯ ಬಿಸಿಲಿನಲ್ಲಿ, ನಮ್ಮ ಕೆಂಧೂಳಿನಲ್ಲಿ ಟರ್ಬೊ ಬಾಳುತ್ತದೆಯೋ ಎಂಜಿನ್ನನ್ನೇ ನುಂಗುತ್ತದೆಯೋ ಎಂಬುದನ್ನು ತೀರ್ಮಾನಿಸುವುದು ಈ ಸಾಮಾನುಗಳೇ.

ಮೊದಲು ಎಂಜಿನ್ನಿನ ವಿಚಾರ. ನಾಲ್ಕು ಸಿಲಿಂಡರ್, 2523 ಸಿಸಿ, ಡೀಸೆಲನ್ನು ನೇರವಾಗಿ ಪಿಸ್ಟನ್ನಿನ ತಲೆಯ ಮೇಲೆ ಸಿಂಪಡಿಸುವ ಡೈರೆಕ್ಟ್ ಇಂಜೆಕ್ಷನ್, ಅಂದರೆ ಡಿಐ. ವೇಗಕ್ಕಲ್ಲ, ಎಳೆತಕ್ಕೆ ಹುಟ್ಟಿದ ಎಂಜಿನ್ ಇದು. ಇದೇ ಅಳತೆಯ ಎಂಜಿನ್ನಿಗೆ ಕಂಪನಿಯೇ ಮುಂದೆ ಟರ್ಬೊ ಕೊಟ್ಟಿತು. 2010ರಲ್ಲಿ ಬಂದ ಥಾರ್ ಡಿಐ ಗಾಡಿಯಲ್ಲಿ ಅದು 3200 ಆರ್‌ಪಿಎಂನಲ್ಲಿ 63 ಅಶ್ವಶಕ್ತಿಯನ್ನೂ, 1500ರಿಂದ 1800 ಆರ್‌ಪಿಎಂ ನಡುವೆ 182.5 ನ್ಯೂಟನ್ ಮೀಟರ್ ಟಾರ್ಕನ್ನೂ ಕೊಡುತ್ತಿತ್ತು. ಈ ಅಂಕಿಗಳನ್ನು ಸ್ವಲ್ಪ ಗಮನವಿಟ್ಟು ನೋಡಿ. ಅಶ್ವಶಕ್ತಿ ದೊಡ್ಡದೇನೂ ಅಲ್ಲ. ಆದರೆ ಪೂರ್ತಿ ಎಳೆತ 1500 ಆರ್‌ಪಿಎಂ ಹೊತ್ತಿಗೇ ಕೈಗೆ ಸಿಗುತ್ತದೆ. ನಾವು ಗುರಿಯಾಗಿ ಇಟ್ಟುಕೊಂಡದ್ದು ಈ ಗುಣವನ್ನು. ಸಾಮಾಜಿಕ ಜಾಲತಾಣಗಳಲ್ಲಿ ಕಪ್ಪು ಹೊಗೆ ಉಗುಳುತ್ತಾ ಓಡುವ ಜೀಪುಗಳನ್ನು ನೋಡಿ, ಅದೇ ಶಕ್ತಿಯ ಲಕ್ಷಣವೆಂದು ನಂಬಿದವರಿಗೆ ಈ ವಿಡಿಯೊ ಸಪ್ಪೆ ಎನಿಸಬಹುದು.

ಕಪ್ಪು ಹೊಗೆ ಎಂದರೆ ಉರಿಯದೆ ಉಳಿದ ಡೀಸೆಲ್ ಮಸಿಯಾಗಿ ಹೊರಬೀಳುವುದು. ಇದನ್ನು ಅರ್ಥ ಮಾಡಿಕೊಂಡರೆ ಮುಂದಿನ ಎಲ್ಲ ಕೆಲಸದ ತರ್ಕವೂ ತಿಳಿಯುತ್ತದೆ. ಹಳೆಯ ಡೀಸೆಲ್ ಎಂಜಿನ್ನಿನಲ್ಲಿ ನಾವು ಆಕ್ಸಿಲರೇಟರ್ ತುಳಿದಾಗ ಗಾಳಿ ಹೆಚ್ಚಾಗುವುದಿಲ್ಲ. ಸಿಲಿಂಡರ್ ಪ್ರತಿ ಸಲವೂ ತನ್ನ ಹೊಟ್ಟೆಯ ತುಂಬ ಗಾಳಿ ಎಳೆದುಕೊಳ್ಳುತ್ತಲೇ ಇರುತ್ತದೆ, ಹೆಚ್ಚುವುದು ಡೀಸೆಲ್ ಮಾತ್ರ. ಒಂದು ಮಿತಿಯವರೆಗೆ ಆ ಡೀಸೆಲ್ ಸ್ವಚ್ಛವಾಗಿ ಉರಿಯುತ್ತದೆ, ಮಿತಿ ದಾಟಿದೊಡನೆ ಹೊಗೆ ಕಪ್ಪಾಗುತ್ತದೆ, ಹೊಗೆಯ ಬಿಸಿ ಏರುತ್ತದೆ, ಶಕ್ತಿ ಮಾತ್ರ ಅಷ್ಟಾಗಿ ಹೆಚ್ಚುವುದಿಲ್ಲ. ಟರ್ಬೊ ಮಾಡುವ ಕೆಲಸವೆಂದರೆ ಆ ಮಿತಿಯನ್ನು ಮೇಲಕ್ಕೆ ಸರಿಸುವುದು. ಕಮ್ಮಾರರ ಕೊಲುಮೆಯಲ್ಲಿ ಇದ್ದಿಲು ಅಷ್ಟೇ ಇದ್ದರೂ ತಿದಿ ಒತ್ತಿದಾಗ ಕೆಂಡ ಕೆರಳುವುದನ್ನು ನೋಡಿದವರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ವ್ಯತ್ಯಾಸವೆಂದರೆ ಇಲ್ಲಿ ತಿದಿಯನ್ನು ಒತ್ತುವುದು ಎಂಜಿನ್ನಿನಿಂದ ಹೊರಹೋಗುವ ಹೊಗೆಯೇ. ಹೊರಹೋಗುವ ಬಿಸಿ ಹೊಗೆ ಒಂದು ಚಕ್ರವನ್ನು ತಿರುಗಿಸಿ, ಅದೇ ಶಾಫ್ಟಿನ ಇನ್ನೊಂದು ತುದಿಯ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಸಿಲಿಂಡರಿಗೆ ತುಂಬುವ ಈ ಉಪಾಯಕ್ಕೆ ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ 1905ರಲ್ಲೇ ಪೇಟೆಂಟ್ ಪಡೆದಿದ್ದರು.

ಈಗ ಪರದೆಯ ಮೇಲಿರುವುದು ನಮ್ಮ ಮೇಸ್ತ್ರಿಯವರು ಆಯಿಲ್ ಹಾಕುವ ಮುಚ್ಚಳ ತೆಗೆದು, ಎಂಜಿನ್ ಚಾಲೂ ಇರುವಾಗಲೇ ಅಲ್ಲಿ ಅಂಗೈ ಹಿಡಿದಿರುವ ದೃಶ್ಯ. ನಾನು ಟರ್ಬೊ ಪೆಟ್ಟಿಗೆ ಬಿಚ್ಚಲು ಹೋದಾಗ ಅವರು ತಡೆದು, ‘ಮೊದ್ಲು ಇದ್ರ ದಮ್ಮು ನೋಡಾಣ ತಮ್ಮಾ, ಆಮ್ಯಾಲೆ ಗಾಳಿ ಊದಾಣ’ ಎಂದರು. ಪಿಸ್ಟನ್ ರಿಂಗುಗಳು ಸವೆದಿದ್ದರೆ ಉರಿದ ಅನಿಲ ಪಕ್ಕದಿಂದ ನುಸುಳಿ ಕ್ರ್ಯಾಂಕ್‌ಕೇಸಿಗೆ ಇಳಿಯುತ್ತದೆ, ಮುಚ್ಚಳ ತೆಗೆದಾಗ ಬುಸುಬುಸು ಎಂದು ಹೊರಬರುತ್ತದೆ. ಅಂಥ ಎಂಜಿನ್ನಿಗೆ ಟರ್ಬೊ ಹಾಕಬಾರದು. ಮೊದಲು ಬೋರಿನ ಕೆಲಸ ಆಗಬೇಕು. ನಮ್ಮ ಎಂಜಿನ್ನಿನ ನಾಲ್ಕೂ ಸಿಲಿಂಡರುಗಳ ಕಂಪ್ರೆಷನ್ ಅಳೆದಾಗ ಒಂದಕ್ಕೊಂದು ಹೆಚ್ಚು ಅಂತರವಿರಲಿಲ್ಲ. ಹೆಡ್ ಗ್ಯಾಸ್ಕೆಟ್ ಮಾತ್ರ ಹಳೆಯದಾಗಿತ್ತು. ಅದನ್ನು ಬದಲಿಸಿ, ಹೆಡ್ಡನ್ನು ಲೇತ್ ಅಂಗಡಿಗೆ ಕಳುಹಿಸಿ ಮಟ್ಟ ನೋಡಿಸಿದೆವು.

ಇನ್ನು ಯಾವ ಟರ್ಬೊ ಎಂಬ ಪ್ರಶ್ನೆ. ಬಳ್ಳಾರಿಯಲ್ಲಿ ಅದಿರು ಲಾರಿಗಳ ಕಾಲ ಬಿಟ್ಟುಹೋದ ಗುಜರಿಗೆ ಕೊರತೆಯಿಲ್ಲ, ಲಾರಿಯ ಟರ್ಬೊ ಕಡಿಮೆ ಬೆಲೆಗೆ ಸಿಗುತ್ತದೆ, ಅದನ್ನೇ ಜೀಪಿಗೆ ಕೂರಿಸೋಣ ಎಂದು ಸಲಹೆ ಕೊಡುವವರಿಗೂ ಕೊರತೆಯಿಲ್ಲ. ಈ ಸಲಹೆಯನ್ನು ನಾನು ಒಪ್ಪುವುದಿಲ್ಲ, ಕಾರಣ ಸರಳವಾದ ಲೆಕ್ಕ. ಫೋರ್ ಸ್ಟ್ರೋಕ್ ಎಂಜಿನ್ ಎರಡು ಸುತ್ತಿಗೆ ಒಮ್ಮೆ ತನ್ನ ಅಳತೆಯಷ್ಟು ಗಾಳಿ ಎಳೆಯುತ್ತದೆ. 2523 ಸಿಸಿ ಎಂಜಿನ್ 3000 ಆರ್‌ಪಿಎಂನಲ್ಲಿ ತಿರುಗಿದರೆ ನಿಮಿಷಕ್ಕೆ ಹೆಚ್ಚೆಂದರೆ 3785 ಲೀಟರ್; 1500ರಲ್ಲಿ ಅದರ ಅರ್ಧ. ಲಾರಿಯ ದೊಡ್ಡ ಟರ್ಬೈನ್ ಚಕ್ರಕ್ಕೆ ಇಷ್ಟು ಹೊಗೆ ಸಾಲದು. ಅದು ಮೇಲಿನ ಆರ್‌ಪಿಎಂ ಬರುವವರೆಗೆ ತೂಕಡಿಸುತ್ತದೆ, ಎಚ್ಚರವಾಗುವ ಹೊತ್ತಿಗೆ ಈ ಎಂಜಿನ್ನಿನ ಓಟವೇ ಮುಗಿದಿರುತ್ತದೆ. ಆದ್ದರಿಂದ ಇದೇ ಅಳತೆಯ ಎಂಜಿನ್ನಿಗೆಂದು ಮಾಡಿದ ಸಣ್ಣ ಟರ್ಬೊ, ಸಿಲಿಂಡರುಗಳ ಹೊಗೆಯನ್ನು ಅದಕ್ಕೆ ಒಯ್ಯುವ ಬೀಡು ಮ್ಯಾನಿಫೋಲ್ಡ್, ಅದರ ಆಯಿಲ್ ಪೈಪುಗಳನ್ನು ಒಟ್ಟಾಗಿ ತಂದೆವು. ಕಬ್ಬಿಣದ ಪೈಪು ಕತ್ತರಿಸಿ ವೆಲ್ಡ್ ಮಾಡಿದ ಮ್ಯಾನಿಫೋಲ್ಡುಗಳು ನೋಡಲು ಚೆಂದ. ಆದರೆ ಟರ್ಬೊದ ಭಾರ ಹೊತ್ತು, ಕಾದು, ಆರಿ, ಮತ್ತೆ ಕಾದು, ವೆಲ್ಡಿನ ಅಂಚಿನಲ್ಲಿ ಬಿರುಕು ಬಿಡುವುದು ಅವುಗಳ ಹಣೆಬರಹ.

ಹಳೆಯ ಟರ್ಬೊ ಕೊಳ್ಳುವವರು ಶಾಫ್ಟಿನ ತುದಿಯನ್ನು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಬೇಕು. ಪಕ್ಕಕ್ಕೆ ಒಂದಿಷ್ಟು ಆಡಿದರೆ ಚಿಂತೆಯಿಲ್ಲ, ಆಯಿಲ್ ತುಂಬಿದಾಗ ಅದು ಸರಿಹೋಗುತ್ತದೆ. ಹಿಂದೆ-ಮುಂದೆ ಕೈಗೆ ತಿಳಿಯುವಷ್ಟು ಆಡಿದರೆ, ಅಥವಾ ಚಕ್ರದ ರೆಕ್ಕೆಗಳು ಕವಚಕ್ಕೆ ತಾಗಿದ ಗುರುತಿದ್ದರೆ, ಅಲ್ಲೇ ಬಿಟ್ಟು ಬನ್ನಿ.

ಆಯಿಲ್ ಬಗ್ಗೆ ಸ್ವಲ್ಪ ದೀರ್ಘವಾಗಿ ಹೇಳಬೇಕಾಗಿದೆ. ಈ ಶಾಫ್ಟು ನಿಮಿಷಕ್ಕೆ ಒಂದು ಲಕ್ಷ ಸುತ್ತಿಗೂ ಮೀರಿ ತಿರುಗುತ್ತದೆ, ಮತ್ತು ಅದು ತಿರುಗುವುದು ಬಾಲ್ ಬೇರಿಂಗಿನ ಮೇಲಲ್ಲ, ಆಯಿಲಿನ ಒಂದು ತೆಳುವಾದ ಪೊರೆಯ ಮೇಲೆ. ಎಂಜಿನ್ನಿನ ಮುಖ್ಯ ಆಯಿಲ್ ಗ್ಯಾಲರಿಯಿಂದ, ಅಂದರೆ ಆಯಿಲ್ ಪ್ರೆಷರ್ ಸ್ವಿಚ್ ಇರುವ ಜಾಗದಲ್ಲಿ ಒಂದು ಟೀ ಜೋಡಿಸಿ, ಸಣ್ಣ ಪೈಪಿನಲ್ಲಿ ಒತ್ತಡದ ಆಯಿಲನ್ನು ಟರ್ಬೊಗೆ ಕೊಟ್ಟೆವು. ಎಲ್ಲರೂ ಈ ಪೈಪಿನ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ನಿಜವಾಗಿ ತೊಂದರೆ ಕೊಡುವುದು ಆಯಿಲ್ ವಾಪಸು ಬರುವ ಪೈಪು. ಅಲ್ಲಿ ಯಾವ ಒತ್ತಡವೂ ಇಲ್ಲ. ಬೇರಿಂಗಿನಿಂದ ನೊರೆಯಾಗಿ ಹೊರಬಂದ ಆಯಿಲ್ ತನ್ನ ಭಾರಕ್ಕೆ ತಾನೇ ಕೆಳಗಿಳಿದು, ಎಂಜಿನ್ನಿನ ತಳದ ಆಯಿಲ್ ತೊಟ್ಟಿಯಾದ ಚೇಂಬರು ಸೇರಬೇಕು. ಆದ್ದರಿಂದ ಆ ಪೈಪು ದಪ್ಪವಾಗಿರಬೇಕು, ಆದಷ್ಟು ನೆಟ್ಟಗೆ ಇಳಿಯಬೇಕು, ನಡುವೆ ಎಲ್ಲೂ ತಗ್ಗು-ದಿಣ್ಣೆ ಇರಬಾರದು, ಚೇಂಬರಿನಲ್ಲಿ ಆಯಿಲ್ ನಿಲ್ಲುವ ಮಟ್ಟಕ್ಕಿಂತ ಮೇಲೆ ಸೇರಬೇಕು. ಈ ಒಂದು ಪೈಪಿಗಾಗಿ ನಾವು ಚೇಂಬರ್ ಇಳಿಸಿ, ಪಕ್ಕಕ್ಕೆ ತೂತು ಕೊರೆದು, ಬುಷ್ ವೆಲ್ಡ್ ಮಾಡಿ, ಒಳಗೆ ಲೋಹದ ಪುಡಿ ಒಂದಿಷ್ಟೂ ಉಳಿಯದಂತೆ ಡೀಸೆಲಿನಲ್ಲಿ ತೊಳೆದು ಮತ್ತೆ ಏರಿಸಿದೆವು. ಚೇಂಬರನ್ನು ಇಳಿಸದೆಯೇ ತೂತು ಕೊರೆಯುವ ಅಡ್ಡದಾರಿಯೂ ಚಾಲ್ತಿಯಲ್ಲಿದೆ. ಆ ಪುಡಿ ಹೋಗಿ ಸೇರುವುದು ಎಂಜಿನ್ನಿನ ಬೇರಿಂಗುಗಳಿಗೆ.

ವಾಪಸು ದಾರಿ ಕಟ್ಟಿಕೊಂಡರೆ ಆಯಿಲ್ ಟರ್ಬೊದ ಸೀಲನ್ನು ದಾಟಿ ಹೊಗೆಯ ಕಡೆಗೋ ಗಾಳಿಯ ಕಡೆಗೋ ಸೋರುತ್ತದೆ. ಹೊಗೆಯ ಕಡೆ ಸೋರಿದರೆ ನೀಲಿ ಹೊಗೆ, ಅಷ್ಟೇ. ಗಾಳಿಯ ಕಡೆ ಹೆಚ್ಚಾಗಿ ಸೋರಿದರೆ ಡೀಸೆಲ್ ಎಂಜಿನ್ ಆ ಆಯಿಲನ್ನೇ ಇಂಧನವಾಗಿ ಕುಡಿದು, ಕೀ ತೆಗೆದರೂ ನಿಲ್ಲದೆ, ಹಿಡಿತ ಮೀರಿ ಓಡತೊಡಗಬಹುದು. ಆಗ ಡೀಸೆಲ್ ಬಂದ್ ಮಾಡಿ ಪ್ರಯೋಜನವಿಲ್ಲ. ಗಾಳಿಯ ಬಾಯಿಯನ್ನು ಗಟ್ಟಿಯಾದ ಹಲಗೆಯಿಂದ ಮುಚ್ಚುವುದು, ಅಥವಾ ಗೇರಿನಲ್ಲಿದ್ದರೆ ಬ್ರೇಕ್ ಒತ್ತಿ ಮೇಲಿನ ಗೇರಿನಲ್ಲಿ ಕ್ಲಚ್ ಬಿಟ್ಟು ಎಂಜಿನ್ನನ್ನು ಉಸಿರುಗಟ್ಟಿಸುವುದೇ ದಾರಿ. ಗಾಳಿಯ ಬಾಯಿಗೆ ಅಂಗೈ ಅಥವಾ ಬಟ್ಟೆ ಹಿಡಿಯುವ ಸಾಹಸ ಬೇಡ, ಎಳೆತ ಅಷ್ಟು ಬಲವಾಗಿರುತ್ತದೆ. ಮೊದಲ ಸಲ ಚಾಲೂ ಮಾಡುವಾಗ ಮೇಸ್ತ್ರಿಯವರು ಕೈಯಲ್ಲಿ ಒಂದು ಹಲಗೆ ಹಿಡಿದು ಬಾನೆಟ್ಟಿನ ಪಕ್ಕ ನಿಂತಿರುವುದು ಈ ಕಾರಣಕ್ಕೆ. ಅದಕ್ಕೂ ಮುಂಚೆ ಟರ್ಬೊದೊಳಗೆ ಕೈಯಿಂದ ಆಯಿಲ್ ತುಂಬಿಸಿ, ಡೀಸೆಲ್ ಬಂದ್ ಇಟ್ಟುಕೊಂಡೇ ಸೆಲ್ಫ್ ಹೊಡೆದು, ವಾಪಸು ಪೈಪಿನಲ್ಲಿ ಆಯಿಲ್ ಇಳಿಯುವುದನ್ನು ಕಣ್ಣಾರೆ ನೋಡಿದ್ದೆವು.

ಈಗ ಬಿಸಿಲಿನ ಲೆಕ್ಕ. ಬಳ್ಳಾರಿಗೆ ಇರುವುದು ಎರಡೇ ಕಾಲ, ಒಂದು ಬೇಸಿಗೆ, ಇನ್ನೊಂದು ಕಡುಬೇಸಿಗೆ ಎಂದು ಹೊರಗಿನವರು ತಮಾಷೆ ಮಾಡುತ್ತಾರೆ. ನಾವೂ ನಗುತ್ತೇವೆ, ಆದರೆ ಟರ್ಬೊ ಇದನ್ನು ತಮಾಷೆಯಾಗಿ ತೆಗೆದುಕೊಳ್ಳುವುದಿಲ್ಲ. ಗಾಳಿಯನ್ನು ಒತ್ತಿದರೆ ಅದು ಬಿಸಿಯಾಗುತ್ತದೆ. ಹೊರಗೆ 42 ಡಿಗ್ರಿ ಇರುವ ಮಧ್ಯಾಹ್ನ ಅರ್ಧ ಬಾರ್, ಅಂದರೆ ಸುಮಾರು 7 ಪಿಎಸ್‌ಐ ಬೂಸ್ಟ್ (ಹೊರಗಿನ ಗಾಳಿಗಿಂತ ಹೆಚ್ಚಿನ ಒತ್ತಡ) ಕೊಟ್ಟರೆ, ಗಾಳಿ ಒತ್ತುವ ಕಂಪ್ರೆಸರಿನ ದಕ್ಷತೆ ಶೇ 65 ಎಂದು ಹಿಡಿದರೂ ಹೊರಬರುವ ಗಾಳಿ ಸುಮಾರು 100 ಡಿಗ್ರಿ ಮುಟ್ಟುತ್ತದೆ. ಬಿಸಿಯಾದ ಗಾಳಿ ಹಿಗ್ಗುವುದರಿಂದ, ಒತ್ತಡ ಒಂದೂವರೆ ಪಟ್ಟಾದರೂ ಸಿಲಿಂಡರಿಗೆ ಸೇರುವ ಗಾಳಿ ಹೆಚ್ಚುವುದು ಶೇ 26ರಷ್ಟು ಮಾತ್ರ. ನಡುವೆ ಒಂದು ಇಂಟರ್‌ಕೂಲರ್ ಇಟ್ಟು ಆ ಗಾಳಿಯನ್ನು 60 ಡಿಗ್ರಿಗೆ ಇಳಿಸಿದರೆ ಅದೇ ಬೂಸ್ಟಿನಲ್ಲಿ ಹೆಚ್ಚಳ ಶೇ 40ರ ಆಸುಪಾಸಿಗೆ ಬರುತ್ತದೆ. ಚಳಿ ಪ್ರದೇಶದವರು ಇಷ್ಟು ಕಡಿಮೆ ಬೂಸ್ಟಿಗೆ ಇಂಟರ್‌ಕೂಲರ್ ಬೇಕಿಲ್ಲ ಎನ್ನುತ್ತಾರೆ, ಅವರ ಮಟ್ಟಿಗೆ ಅದು ಸರಿಯೇ ಇರಬಹುದು. ನಮ್ಮಲ್ಲಿ ಅದು ಬೇಕು.

ಆದರೆ ಇಂಟರ್‌ಕೂಲರನ್ನು ರೇಡಿಯೇಟರಿನ ಮುಂದೆ ಕೂರಿಸಿದರೆ ರೇಡಿಯೇಟರಿಗೆ ಸಿಗುವ ಗಾಳಿ ಕಡಿಮೆಯಾಗುತ್ತದೆ. ಈ ಹಳೆಯ ಜೀಪುಗಳ ಮುಖ ಕಿರಿದು. ಹೀಗಾಗಿ ಸಣ್ಣ ಇಂಟರ್‌ಕೂಲರನ್ನು ಗ್ರಿಲ್ಲಿನ ಕೆಳಭಾಗದಲ್ಲಿ ಮಾತ್ರ ಇಟ್ಟು, ರೇಡಿಯೇಟರಿಗೆ ಹೊಸ ಕೋರ್ ಹಾಕಿಸಿ, ಫ್ಯಾನಿನ ಸುತ್ತ ತಗಡಿನ ಕವಚ ಕಟ್ಟಿಸಿದೆವು. ಆ ಕವಚ ಬಂದ ಮೇಲೆ ನೀರಿನ ಬಿಸಿ ತೋರಿಸುವ ಮೀಟರು ಟರ್ಬೊಗಿಂತ ಮುಂಚೆ ನಿಲ್ಲುತ್ತಿದ್ದ ಜಾಗದಲ್ಲೇ ನಿಲ್ಲುತ್ತಿದೆ.

ಧೂಳು. ತೋರಣಗಲ್ಲಿನಿಂದ ಸಂಡೂರಿನ ಕಡೆಗೆ ಓಡಾಡಿದವರಿಗೆ ಅದಿರಿನ ಕೆಂಧೂಳು ಹೇಗೆ ಬಟ್ಟೆಯ ನೂಲಿಗೂ ಇಳಿಯುತ್ತದೆ ಎಂಬುದು ಗೊತ್ತು. ಕಂಪ್ರೆಸರ್ ಚಕ್ರ ಅಲ್ಯೂಮಿನಿಯಮ್ಮಿನದು, ಅದರ ರೆಕ್ಕೆಯ ಅಂಚು ತೆಳು. ಆ ವೇಗದಲ್ಲಿ ಕಬ್ಬಿಣದ ಅದಿರಿನ ಕಣಗಳು ಬಡಿದರೆ ಅಂಚು ಸವೆದು, ಬ್ಯಾಲೆನ್ಸ್ ತಪ್ಪುತ್ತದೆ. ಹಳೆಯ ಜೀಪಿನ ಆಯಿಲ್ ಬಾತ್ ಫಿಲ್ಟರನ್ನು ನಾನು ಇಷ್ಟಪಡುತ್ತೇನೆ, ತೊಳೆದು ಮತ್ತೆ ಮತ್ತೆ ಬಳಸಬಹುದಾದ ಜಾಣ ವಸ್ತು ಅದು. ಆದರೆ ಟರ್ಬೊದ ಬಿರುಸಾದ ಎಳೆತಕ್ಕೆ ಅದರೊಳಗಿನ ಆಯಿಲೇ ಮೇಲೆದ್ದು ಬರುವ ಸಾಧ್ಯತೆ ಇರುವುದರಿಂದ ಅದನ್ನು ಬಿಟ್ಟು, ದೊಡ್ಡ ಪೇಪರ್ ಫಿಲ್ಟರ್ ಹಾಕಿ, ಅದರ ಮುಂದೆ ಟ್ರ್ಯಾಕ್ಟರುಗಳಲ್ಲಿ ಇರುವಂಥ ಪ್ರೀ ಕ್ಲೀನರ್ ಬಟ್ಟಲನ್ನು ಕೂರಿಸಿದೆವು. ಫಿಲ್ಟರಿನಿಂದ ಟರ್ಬೊವರೆಗಿನ ಪೈಪಿನಲ್ಲಿ ಒಂದು ಕ್ಲಾಂಪು ಸಡಿಲವಾದರೂ ಧೂಳು ಫಿಲ್ಟರಿನ ಹಂಗಿಲ್ಲದೆ ಒಳನುಗ್ಗುತ್ತದೆ. ಅತ್ತ ಟರ್ಬೊದಿಂದ ಎಂಜಿನ್ನಿಗೆ ಹೋಗುವ ಕಡೆಗೆ ರೇಡಿಯೇಟರಿನ ಹಳೆಯ ರಬ್ಬರ್ ಹೋಸುಗಳು ನಡೆಯುವುದಿಲ್ಲ. ಬಿಸಿ ಮತ್ತು ಆಯಿಲಿನ ಆವಿಗೆ ಅವು ಒಳಗಿನಿಂದ ಊದಿ ಸಿಪ್ಪೆ ಬಿಡುತ್ತವೆ. ಅಲ್ಲಿಗೆ ಸಿಲಿಕೋನ್ ಹೋಸುಗಳೇ ಬೇಕು.

ಈ ಮೀಟರನ್ನು ನೋಡಿ. ಟರ್ಬೊಗೆ ಹೊಗೆ ಸೇರುವ ಮುನ್ನ, ಮ್ಯಾನಿಫೋಲ್ಡಿನಲ್ಲಿ ಒಂದು ತೂತು ಕೊರೆದು, ಕೆ ಟೈಪ್ ಥರ್ಮೊಕಪಲ್ ಇಟ್ಟಿದ್ದೇವೆ. ಅದು ಹೊಗೆಯ ಬಿಸಿಯನ್ನು ನೇರವಾಗಿ ತೋರಿಸುತ್ತದೆ. ಬೂಸ್ಟ್ ಮೀಟರ್ ಇಲ್ಲದೆಯೂ ಬದುಕಬಹುದು, ಈ ಮೀಟರ್ ಇಲ್ಲದೆ, ಸಿಲಿಂಡರುಗಳಿಗೆ ಡೀಸೆಲ್ ಅಳೆದು ಕೊಡುವ ಪಂಪಿನ ತಿರುಪಿಗೆ ಕೈ ಹಾಕಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಪಿಸ್ಟನ್ನಿನ ಮುಖ್ಯ ಲೋಹವಾದ ಅಲ್ಯೂಮಿನಿಯಮ್ ಶುದ್ಧವಾಗಿದ್ದಾಗ ಕರಗುವುದು 660 ಡಿಗ್ರಿಯಲ್ಲಿ. ನೀರು ಮತ್ತು ಆಯಿಲ್ ತಣಿಸುತ್ತಲೇ ಇರುವುದರಿಂದ ಹೊಗೆ ಅದಕ್ಕಿಂತ ಬಿಸಿಯಿದ್ದರೂ ಪಿಸ್ಟನ್ ತಡೆಯುತ್ತದೆ. ಆದರೆ ದೀರ್ಘವಾದ ಏರಿನಲ್ಲಿ 700 ಡಿಗ್ರಿಯ ಮೇಲೆ ನಿಲ್ಲಿಸಿ ಓಡಿಸುವುದು ಎಂಜಿನ್ನಿನ ಆಯುಸ್ಸನ್ನು ಸುಡುವ ಕೆಲಸ. ನೀರಿನ ಮೀಟರು ಇದನ್ನು ತೋರಿಸುವುದಿಲ್ಲ. ನೀರು ಕಾಯುವಷ್ಟರಲ್ಲಿ ಪಿಸ್ಟನ್ನಿಗೆ ಆಗಬೇಕಾದದ್ದು ಆಗಿರುತ್ತದೆ.

ಪಂಪನ್ನು ಮುಟ್ಟದೆ, ಟರ್ಬೊ ಮಾತ್ರ ಹಾಕಿ ಓಡಿಸಿದರೆ ಏನಾಗುತ್ತದೆ ಎಂಬುದನ್ನು ಬಹಳ ಮಂದಿ ನೋಡುವುದೇ ಇಲ್ಲ. ನಾವು ನೋಡಿದೆವು. ಡೀಸೆಲ್ ಅಷ್ಟೇ, ಗಾಳಿ ಹೆಚ್ಚು. ಹೀಗಾಗಿ ಏರಿನಲ್ಲಿ ಮುಂಚೆ ಕಾಣುತ್ತಿದ್ದ ಕಪ್ಪು ಹೊಗೆ ಹೆಚ್ಚುಕಡಿಮೆ ಮಾಯವಾಯಿತು, ಹೊಗೆಯ ಬಿಸಿ 700ರ ಹತ್ತಿರಕ್ಕೂ ಹೋಗಲಿಲ್ಲ, ಎಳೆತ ಸ್ವಲ್ಪವಷ್ಟೇ ಸುಧಾರಿಸಿತು. ಭಾರತ್ ಸ್ಟೇಜ್ 4ಕ್ಕಿಂತ ಹಿಂದಿನ ಡೀಸೆಲ್ ಗಾಡಿಗಳಿಗೆ ಹೊಗೆ ತಪಾಸಣೆಯ ಮಿತಿ 65 ಹಾರ್ಟ್ರಿಜ್ ಯೂನಿಟ್ (ಹೊಗೆಯ ದಟ್ಟಣೆಯ ಅಳತೆ). ಆ ಮಿತಿಯ ಅಂಚಿನಲ್ಲಿ ತಿಣುಕುವ ಹಳೆಯ ಎಂಜಿನ್ನಿಗೆ ಹೆಚ್ಚಿನ ಗಾಳಿ ಎಷ್ಟು ಉಪಕಾರ ಮಾಡುತ್ತದೆ ಎಂಬುದು ಇಲ್ಲೇ ತಿಳಿಯುತ್ತದೆ.

ಆ ಬಳಿಕವೇ ಪಂಪನ್ನು ಬಿಚ್ಚಿ ಕ್ಯಾಲಿಬ್ರೇಷನ್ ಅಂಗಡಿಗೆ ಕೊಟ್ಟದ್ದು. ಡೀಸೆಲ್ ಪಂಪು ಮಾಡುವ ಮೈಕೋ ಕಂಪನಿ 2008ರಲ್ಲಿ ಹೆಸರು ಬದಲಿಸಿ ಬಾಷ್ ಆಗಿದ್ದರೂ ನಮ್ಮ ಪಂಪ್ ಅಂಗಡಿಗಳಲ್ಲಿ ಇಂದಿಗೂ ಮಾತು ನಡೆಯುವುದು ‘ಮೈಕೋ ಪಂಪ್’ ಎಂದೇ. ಟರ್ಬೊ ಎಂಜಿನ್ನಿನ ಪಂಪುಗಳಲ್ಲಿ ಬೂಸ್ಟ್ ಬಂದಾಗ ಮಾತ್ರ ಡೀಸೆಲ್ ಹೆಚ್ಚಿಸುವ ಒಂದು ಡಯಾಫ್ರಾಮ್ ವ್ಯವಸ್ಥೆ ಇರುವುದುಂಟು. ಅದಿಲ್ಲದ ಹಳೆಯ ಪಂಪಿನಲ್ಲಿ ತಿರುಪು ಒತ್ತಿದರೆ ಎಲ್ಲ ಆರ್‌ಪಿಎಂನಲ್ಲೂ ಡೀಸೆಲ್ ಹೆಚ್ಚುತ್ತದೆ, ಟರ್ಬೊ ಎಚ್ಚರವಾಗುವ ಮುಂಚೆ ಹೊಗೆ ಕಪ್ಪಾಗುತ್ತದೆ. ಆದ್ದರಿಂದ ಹೆಚ್ಚಳ ಅಲ್ಪವಾಗಿರಬೇಕು, ನಾಲ್ಕೂ ಲೈನಿಗೆ ಸಮನಾಗಿರಬೇಕು, ಅದನ್ನು ಟೆಸ್ಟ್ ಬೆಂಚಿನ ಮೇಲೆ ಅಳೆದೇ ಕೊಡಬೇಕು. ನಾಜಲ್‌ಗಳನ್ನೂ ಅದೇ ಸಮಯಕ್ಕೆ ಪರೀಕ್ಷೆ ಮಾಡಿಸಿ. ಸಿಂಪಡಿಸದೆ ಧಾರೆ ಬಿಡುವ ಒಂದು ನಾಜಲ್ ಇದ್ದರೆ ಆ ಸಿಲಿಂಡರಿನ ಪಿಸ್ಟನ್ ತೂತಾಗಲು ಬೇರೆ ಕಾರಣ ಬೇಕಿಲ್ಲ.

ಕಾನೂನಿನ ವಿಷಯವನ್ನು ನೇರವಾಗಿ ಹೇಳುತ್ತೇನೆ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿಯನ್ನು ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಸೇರಿದ 182ಎ ಸೆಕ್ಷನ್ನು ನಿಯಮ ಮೀರಿದ ಪ್ರತಿಯೊಂದು ಮಾರ್ಪಾಟಿಗೆ 5000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗಿನ ಜೈಲು, ಅಥವಾ ಎರಡನ್ನೂ ವಿಧಿಸಬಹುದು ಎನ್ನುತ್ತದೆ. ವಿಮೆಯ ಕಂಪನಿಗೆ ತಿಳಿಸದ ಮಾರ್ಪಾಟು ಅಪಘಾತದ ದಿನ ನಿಮ್ಮ ವಿರುದ್ಧವೇ ನಿಲ್ಲುತ್ತದೆ. ಈ ಜೀಪು ತೋಟದೊಳಗೆ ದುಡಿಯುವ ಗಾಡಿ; ಗ್ಯಾರೇಜಿಗೂ ಲಾರಿಯ ಮೇಲೆ ಹೇರಿಯೇ ತಂದದ್ದು. ನೀವು ಸಾರ್ವಜನಿಕ ರಸ್ತೆಯಲ್ಲಿ ಓಡಿಸುವವರಾದರೆ ಸ್ಪ್ಯಾನರ್ ಹಿಡಿಯುವ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಲಿಖಿತವಾಗಿ ಕೇಳಿ. ಹಾಗೆಯೇ ಹಳೆಯ ಡ್ರಮ್ ಬ್ರೇಕಿನ ಗಾಡಿಗೆ ಟರ್ಬೊ ಹಾಕಲು ಹಣವಿದ್ದವರು ಅದರಲ್ಲಿ ಮೊದಲ ಪಾಲನ್ನು ಬ್ರೇಕಿಗೆ, ಎರಡನೆಯದನ್ನು ಕ್ಲಚ್ ಪ್ಲೇಟಿಗೆ ಕೊಡಬೇಕು.

ಈಗಿನ ದೃಶ್ಯ ಸಂಡೂರು ಬೆಟ್ಟದ ತಪ್ಪಲಿನ ತೋಟ. ಹಿಂದೆ ಗೊಬ್ಬರ ತುಂಬಿದ ಟ್ರೇಲರು, ಎದುರಿಗೆ ತೋಟದ ಮೇಲಿನ ಮಡಿಗೆ ಏರುವ ಕಲ್ಲುದಾರಿ. ಮುಂಚೆ ಈ ಏರಿನ ನಡುವೆ ಸೆಕೆಂಡ್ ಗೇರಿನಿಂದ ಫಸ್ಟಿಗೆ ಇಳಿಸಲೇಬೇಕಾಗಿತ್ತು. ಈಗ 1600 ಆರ್‌ಪಿಎಂ ಆಸುಪಾಸಿನಲ್ಲಿ ಸೆಕೆಂಡ್ ಗೇರಿನಲ್ಲೇ ನಿಧಾನವಾಗಿ, ಉಸಿರು ಕಟ್ಟದೆ ಏರುತ್ತಿದೆ. ಬೂಸ್ಟ್ 7 ಪಿಎಸ್‌ಐ ದಾಟದಂತೆ, ಹೆಚ್ಚಾದ ಹೊಗೆಯನ್ನು ಪಕ್ಕಕ್ಕೆ ಬಿಡುವ ವೇಸ್ಟ್‌ಗೇಟ್ ತಡೆಯುತ್ತಿದೆ.

ಆದರೆ ಟರ್ಬೊ ಏನನ್ನು ಕೊಡುವುದಿಲ್ಲ ಎಂಬುದನ್ನೂ ನೋಡಿ. ಮಳೆ ಬಿದ್ದ ಎರೆ ಹೊಲದಲ್ಲಿ ಲೋ ರೇಂಜ್ ಹಾಕಿ, ಐಡಲ್‌ಗಿಂತ ತುಸು ಮೇಲೆ ತೆವಳುವಾಗ ಬೂಸ್ಟ್ ಮುಳ್ಳು ಸೊನ್ನೆಯಲ್ಲೇ ಮಲಗಿರುತ್ತದೆ. ಅಲ್ಲಿ ದುಡಿಯುವುದು ಗೇರುಗಳು ಮತ್ತು ಟೈರುಗಳು ಮಾತ್ರ. ಸಿರುಗುಪ್ಪ ಕಡೆಯ ಗದ್ದೆ ಬಯಲಿನಲ್ಲಿ ಕೆಸರಿಗಾಗಿಯೇ ಜೀಪು ಇಟ್ಟುಕೊಂಡವರು ಈ ಖರ್ಚು ಮಾಡುವ ಅಗತ್ಯವೇ ಇಲ್ಲ. ಒಳ್ಳೆಯ ಟೈರು ತೆಗೆದುಕೊಳ್ಳಲಿ.

ಏರು ಮುಗಿದ ಮೇಲೆ ಎಂಜಿನ್ನನ್ನು ಒಮ್ಮೆಲೇ ಬಂದ್ ಮಾಡದೆ, ಹೊಗೆಯ ಮೀಟರು 200 ಡಿಗ್ರಿಯ ಹತ್ತಿರ ಇಳಿಯುವವರೆಗೆ ಐಡಲ್‌ನಲ್ಲಿ ಬಿಡುತ್ತೇವೆ. ಇಲ್ಲವಾದರೆ ಕಾದ ಬೇರಿಂಗಿನಲ್ಲಿ ನಿಂತ ಆಯಿಲ್ ಸೀದು ಕರಕಲಾಗುತ್ತದೆ. ಆಯಿಲ್ 15ಡಬ್ಲ್ಯು-40, ಸಿಐ-4 ದರ್ಜೆಯದು, ಬದಲಿಸುವ ಗಡುವನ್ನು ಮುಂಚಿಗಿಂತ ಬೇಗ ಇಟ್ಟಿದ್ದೇವೆ. ಮ್ಯಾನಿಫೋಲ್ಡಿನ ನಟ್ಟುಗಳನ್ನು ಮೊದಲ ಕೆಲವು ಕಾವಿನ ನಂತರ ಮತ್ತೆ ಬಿಗಿದಿದ್ದೇವೆ. ತುಂಬಿದ ಟ್ರೇಲರಿನೊಂದಿಗೆ ಏರಿನ ತುದಿಯಲ್ಲಿ ಹೊಗೆಯ ಬಿಸಿ 650ರ ಆಚೀಚೆ ನಿಂತಾಗ ಮೇಸ್ತ್ರಿಯವರು ‘ಇಷ್ಟು ಸಾಕು’ ಎಂದರು. ಪಂಪಿನ ತಿರುಪಿಗೆ ಲಾಕ್ ನಟ್ ಬಿಗಿದು, ಮೇಲೆ ಹಳದಿ ಬಣ್ಣದ ಗೆರೆ ಎಳೆದಿದ್ದೇವೆ.